ಕಬಿನಿ ದಂಡೆಯ ಬಿಡಾರಗಳು

ಬೇಸಿಗೆಯ ಒಂದು ಸಂಜೆ. ಕಬಿನಿ ಜಲಾಶಯದ ನೀರು ಇಳಿದು ದಂಡೆಯುದ್ದಕ್ಕೂ ಎಳೆ ಹುಲ್ಲು ಚಿಗುರಿದೆ. ಕಾಡಿನ ಅಂಚಿನಿಂದ ಒಂದೊಂದೇ ಆನೆ ಹೊರಬರುತ್ತದೆ. ಮೊದಲು ಹಿರಿಯ ಹೆಣ್ಣಾನೆ, ಅದರ ಹಿಂದೆ ಮರಿಗಳು, ಬಳಿಕ ಇಡೀ ಹಿಂಡು. ನೋಡನೋಡುತ್ತಿದ್ದಂತೆ ಹಿಂಡಿಗೆ ಹಿಂಡು ಸೇರಿ ಎಣಿಕೆ ನೂರರತ್ತ ಸಾಗುತ್ತದೆ. ದೋಣಿಯಲ್ಲಿ ಕುಳಿತ ಪ್ರವಾಸಿಗರು ಮಾತು ನಿಲ್ಲಿಸಿ ದುರ್ಬೀನು ಕಣ್ಣಿಗೆ ಹಿಡಿಯುತ್ತಾರೆ. ಕತ್ತಲಾಗುತ್ತಿದ್ದಂತೆ ಅವರು ದಂಡೆಯ ಬಿಡಾರಗಳಿಗೆ ಮರಳಿ, ಬೆಂಕಿಯ ಸುತ್ತ ಕುಳಿತು, ಕಂಡದ್ದನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ.

ಮನುಷ್ಯನ ಕೈ ಸೋಕದ ಪ್ರಕೃತಿ ಎಂದರೆ ಇದೇ ಇರಬೇಕು, ಆದಿಕಾಲದಿಂದಲೂ ಈ ನೀರು, ಈ ಹುಲ್ಲು, ಈ ಆನೆಗಳು ಹೀಗೆಯೇ ಇದ್ದಿರಬೇಕು ಎಂದು ಆ ಹೊತ್ತಿನಲ್ಲಿ ಅನ್ನಿಸುವುದು ಸಹಜ. ಆದರೆ ಆ ನೀರಿಗೆ ಆಗಿರುವ ವಯಸ್ಸು ಅರ್ಧ ಶತಮಾನಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದು ನಿಂತಿರುವುದು 1974ರಲ್ಲಿ ಮುಗಿದ ಒಂದು ಅಣೆಕಟ್ಟಿನ ಹಿಂದೆ. ಅದರ ಅಡಿಯಲ್ಲಿ ಊರುಗಳಿವೆ, ಹೊಲಗಳಿವೆ, ಒಂದು ಪ್ರಾಚೀನ ರಾಜಧಾನಿಯ ನೆಲವಿದೆ. ಪ್ರವಾಸಿಗರು ತಂಗುವ ದಂಡೆಯಲ್ಲಿ ನೂರು ವರ್ಷಗಳ ಹಿಂದೆಯೂ ಡೇರೆಗಳಿದ್ದವು. ಅವುಗಳಲ್ಲಿ ತಂಗಿದವರು ಬಂದದ್ದು ಆನೆಗಳು ಸೆರೆಯಾಗುವುದನ್ನು ನೋಡಲು. ಹೀಗೆ ಈ ದಂಡೆಯಲ್ಲಿ ಬಿಡಾರ ಹೂಡಿದವರು ಬದಲಾಗುತ್ತ ಬಂದಿದ್ದಾರೆ. ಯಾರು ಬಂದರು, ಏಕೆ ಬಂದರು, ಅವರಿಗೆ ಜಾಗ ಬಿಟ್ಟುಕೊಟ್ಟವರು ಯಾರು ಎಂದು ಕೇಳುತ್ತ ಹೋದರೆ ವನವಿಹಾರದ ಇತಿಹಾಸ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ನದಿ ಮತ್ತು ಕಾಡು

ಕಬಿನಿಗೆ ಕಪಿಲಾ ಎಂಬ ಹೆಸರೂ ಇದೆ. ಕೇರಳದ ವಯನಾಡಿನಲ್ಲಿ ಹುಟ್ಟುವ ಈ ನದಿ ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾದು, ನಂಜನಗೂಡನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ನದಿ ಕರ್ನಾಟಕಕ್ಕೆ ಕಾಲಿಡುವ ಕಡೆ ಇರುವುದು ದಟ್ಟ ಕಾಡು. ಇಂದು ಜಲಾಶಯದ ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ. ಆಚೆಗೆ ವಯನಾಡು, ಮುದುಮಲೈ. ಇವೆಲ್ಲ ಒಂದಕ್ಕೊಂದು ಕೂಡಿಕೊಂಡ ಕಾಡುಗಳು. 1986ರಲ್ಲಿ ರಚನೆಯಾದ, ಭಾರತದ ಮೊದಲ ಜೀವಗೋಳ ಮೀಸಲು ಪ್ರದೇಶವಾದ ನೀಲಗಿರಿಯ ಭಾಗಗಳು.

ರಾಜ್ಯಗಳ ಗಡಿ ಆನೆಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಕಾಡಿನ ತುಂಬ ಹರಡಿಕೊಂಡಿರುವ ಹಿಂಡುಗಳು ಬೇಸಿಗೆಯಲ್ಲಿ ಹಳ್ಳಕೊಳ್ಳ ಬತ್ತಿದಾಗ ನೀರಿರುವ ಕಡೆಗೆ ಇಳಿಯುತ್ತವೆ. ಅಣೆಕಟ್ಟು ಬರುವ ಮೊದಲೂ ಅವು ಇಳಿಯುತ್ತಿದ್ದುದು ಕಬಿನಿಗೇ. ಕಾಕನಕೋಟೆಯ ಕಾಡು ಆನೆಗಳಿಗೆ ಹೆಸರಾದದ್ದು ಈ ಕಾರಣದಿಂದ. ಅರಸರ ಕಣ್ಣು ಅಲ್ಲಿಗೆ ಬಿದ್ದದ್ದೂ ಅದೇ ಕಾರಣದಿಂದ.

ಖೆಡ್ಡಾದ ದಿನಗಳು

ಖೆಡ್ಡಾ ಎಂಬುದು ಕಾಡಾನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಸೆರೆಹಿಡಿಯುವ ಕ್ರಮ. ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಯತ್ನಿಸಿ ಸೋತಿದ್ದನೆಂದು ಜಿ.ಪಿ. ಸ್ಯಾಂಡರ್ಸನ್ ಬರೆದಿದ್ದಾನೆ. ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಈ ಆಂಗ್ಲ ಅಧಿಕಾರಿಯೇ ಸಂಸ್ಥಾನದ ಮೊದಲ ಯಶಸ್ವಿ ಖೆಡ್ಡಾ ನಡೆಸಿದವನು. 1874ರಲ್ಲಿ ಚಾಮರಾಜನಗರದ ಬಳಿ ಐವತ್ತಕ್ಕೂ ಹೆಚ್ಚು ಆನೆಗಳು ಒಂದೇ ಸಲ ಅವನ ಬಲೆಗೆ ಬಿದ್ದವು. 1878ರಲ್ಲಿ ಹೊರಬಂದ ಅವನ ಪುಸ್ತಕದಿಂದ ಮೈಸೂರಿನ ಖೆಡ್ಡಾ ಹೊರನಾಡಿನ ಓದುಗರಿಗೂ ಪರಿಚಯವಾಯಿತು.

ಮುಂದೆ ಖೆಡ್ಡಾದ ಕೇಂದ್ರ ಕಬಿನಿ ದಂಡೆಗೆ ಬಂತು. ಇಲ್ಲಿನ ವಿಶೇಷ ಹೊಳೆಯೇ. ಕಾಡು ಬಲ್ಲ ಕುರುಬರು ಆನೆಯ ಜಾಡು ಹಿಡಿದು ಹಿಂಡುಗಳು ಎಲ್ಲಿವೆ ಎಂದು ಪತ್ತೆಮಾಡುತ್ತಿದ್ದರು. ಬಳಿಕ ನೂರಾರು ಜನ ಸಾಲುಗಟ್ಟಿ, ತಮಟೆ ಬಡಿದು, ಕೂಗು ಹಾಕಿ, ರಾತ್ರಿ ಬೆಂಕಿ ಉರಿಸಿ ಕಾಯುತ್ತ ಹಿಂಡುಗಳನ್ನು ದಿನಗಟ್ಟಲೆ ನಿಧಾನವಾಗಿ ಹೊಳೆಯತ್ತ ತಳ್ಳುತ್ತಿದ್ದರು. ಕೊನೆಯ ದಿನ ಇಡೀ ಹಿಂಡು ನೀರಿಗಿಳಿದು ದಾಟಬೇಕು. ಆಚೆ ದಡದಲ್ಲಿ ಭಾರಿ ಮರದ ದಿಮ್ಮಿಗಳ ಆವರಣ ಸಿದ್ಧವಾಗಿರುತ್ತಿತ್ತು. ಆನೆಗಳು ಒಳಹೊಕ್ಕೊಡನೆ ಬಾಗಿಲು ಬೀಳುತ್ತಿತ್ತು. ಆಮೇಲೆ ಪಳಗಿದ ಕುಮ್ಕಿ ಆನೆಗಳ ಮೇಲೆ ಕುಳಿತ ಮಾವುತರು ಒಳಗೆ ಹೋಗಿ, ಒಂದೊಂದೇ ಕಾಡಾನೆಯನ್ನು ಒತ್ತರಿಸಿ, ಕಾಲಿಗೆ ಹಗ್ಗ ಬಿಗಿಯುತ್ತಿದ್ದರು.

ಇದು ಸೆರೆಯೂ ಹೌದು, ಪ್ರದರ್ಶನವೂ ಹೌದು. ಆನೆಗಳು ನದಿ ದಾಟುವುದನ್ನು ನೋಡಲು ಅಟ್ಟಣೆಗಳಿದ್ದವು. ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆ ಇತ್ತು. ಅದರ ಸುತ್ತ ಅತಿಥಿಗಳಿಗಾಗಿ ಡೇರೆಗಳ ಊರೇ ಎದ್ದು ನಿಲ್ಲುತ್ತಿತ್ತು. ಬ್ರಿಟನ್ನಿನ ಯುವರಾಜನಾಗಿದ್ದ ಜಾರ್ಜ್ 1906ರಲ್ಲಿ, ಅವನ ಮಗ ಎಡ್ವರ್ಡ್ 1922ರಲ್ಲಿ ಈ ಶಿಬಿರಕ್ಕೆ ಬಂದವರು. ಕಾಡಿನ ನಡುವೆ ಕೆಲವು ದಿನ ಸುಖವಾಗಿ ತಂಗಿ, ಪ್ರಾಣಿಗಳನ್ನು ಹತ್ತಿರದಿಂದ ನೋಡಿ, ಊರಿಗೆ ಮರಳಿ ಕಥೆ ಹೇಳುವ ಹವ್ಯಾಸಕ್ಕೆ ಈ ನಾಡಿನಲ್ಲಿ ಅಡಿಪಾಯ ಬಿದ್ದದ್ದು ಇಂಥ ರಾಜಶಿಬಿರಗಳಲ್ಲೇ ಎನ್ನಬಹುದು. ಆಗ ಅದು ಕೆಲವೇ ಮಂದಿಯ ಭಾಗ್ಯವಾಗಿತ್ತು. ಡೇರೆ ಎತ್ತುವವರು, ನೀರು ಹೊರುವವರು, ಜಾಡು ತೋರಿಸುವವರು ಬೇರೆ. ಆಸನದಲ್ಲಿ ಕೂರುವವರು ಬೇರೆ.

ಆಸನದ ಈಚೆ ಬದಿಯವರಲ್ಲಿ ಒಬ್ಬ ಹುಡುಗ ಮಾತ್ರ ಲೋಕಕ್ಕೆಲ್ಲ ಗೊತ್ತಾದ. 1924ರಲ್ಲಿ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, ಮೈಸೂರಿಗೆ ಬಂದ ಚಿತ್ರ ತಯಾರಕರ ಕಣ್ಣಿಗೆ ಬಿದ್ದು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾದ. ಅಲ್ಲಿಂದ ಹಾಲಿವುಡ್‌ಗೆ ಹೋಗಿ ಅಲ್ಲಿಯೇ ನೆಲೆಸಿದ. ಅವನಿಗೆ ಆನೆಯ ಭಾಷೆ ಕಲಿಸಿದ ಜನ ಮಾತ್ರ ಹೆಸರಿಲ್ಲದೆ ಉಳಿದರು.

ಕಬಿನಿ ದಂಡೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಖೆಡ್ಡಾದ ಹೆಜ್ಜೆ ಗುರುತು ಮಾತ್ರ ಮೈಸೂರಿನ ಬೀದಿಗಳಲ್ಲಿ ಬಹುಕಾಲ ಉಳಿಯಿತು. ದಸರೆಯ ಅಂಬಾರಿಯನ್ನು ಹದಿನೆಂಟು ಬಾರಿ ಹೊತ್ತ ದ್ರೋಣ 1971ರ ಖೆಡ್ಡಾದಲ್ಲಿ ಸೆರೆಸಿಕ್ಕವನು. 1998ರಲ್ಲಿ ವಿದ್ಯುತ್ ತಂತಿ ತಗುಲಿ ಸತ್ತ. 1968ರಲ್ಲಿ ಕಾಕನಕೋಟೆಯಲ್ಲಿ ಸೆರೆಯಾದ ಅರ್ಜುನ 2012ರಿಂದ 2019ರವರೆಗೆ ಅಂಬಾರಿ ಹೊತ್ತು, 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದರ ಜೊತೆ ಹೋರಾಡಿ ಪ್ರಾಣಬಿಟ್ಟ. ನಾಡು ಅವನಿಗಾಗಿ ಅತ್ತಿತು. ಅವನು ಯಾವ ಹೊಳೆಯ ದಡದಿಂದ ಹೇಗೆ ಬಂದವನು ಎಂಬುದು ಬಹಳ ಜನರಿಗೆ ನೆನಪಾದದ್ದು ಅಂದೇ.

ನೀರು ನಿಂತಾಗ

ಅರಸೊತ್ತಿಗೆಯ ಬೇಟೆಗಾಡು ಸ್ವತಂತ್ರ ಭಾರತದಲ್ಲಿ ನೀರಾವರಿಯ ನಕ್ಷೆಯೊಳಗೆ ಬಂತು. ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿ.ಎಂ.ಸಿ. ಕೆಳಗಿನ ಸೀಮೆಯಲ್ಲಿ ಗದ್ದೆಗಳು ಹಸಿರಾದವು. ಮೇಲಿನ ಸೀಮೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಅವುಗಳ ಜೊತೆ ಕಣಿವೆಯ ಕಾಡೂ, ಖೆಡ್ಡಾ ನಡೆಯುತ್ತಿದ್ದ ನೆಲವೂ ನೀರಿನ ಅಡಿಗೆ ಹೋದವು.

ಮುಳುಗಿದ ಊರುಗಳಲ್ಲಿ ಕಿತ್ತೂರು ಒಂದು. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಅಥವಾ ಕಿತ್ತಿಪುರ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ರತ್ನದ ಗಣಿಗಳಿರುವ ‘ಪೌನ್ನಾಟ’ ಎಂದು ಬರೆದ ನಾಡು ಇದು. ಗಂಗರ ಕಾಲಕ್ಕೂ ಹಿಂದಿನ ನೆನಪುಗಳಿದ್ದ ಊರು ನಮ್ಮ ಕಣ್ಣೆದುರೇ ನೀರೊಳಗೆ ಇಳಿಯಿತು.

ಆದರೆ ಅಣೆಕಟ್ಟು ತನ್ನ ಲೆಕ್ಕದಲ್ಲಿ ಇಲ್ಲದ ಒಂದು ಕೆಲಸವನ್ನೂ ಮಾಡಿತು. ವಯನಾಡಿನ ಮುಂಗಾರಿಗೆ ಜಲಾಶಯ ಬೇಗನೆ ತುಂಬುತ್ತದೆ. ಬಳಿಕ ನಾಲೆಗೂ ನದಿಗೂ ನೀರು ಬಿಡುತ್ತ ಹೋದಂತೆ ಮಟ್ಟ ಇಳಿಯುತ್ತದೆ. ಫೆಬ್ರುವರಿಯ ಹೊತ್ತಿಗೆ ದಂಡೆಯ ತೇವದ ಮಣ್ಣು ಮೇಲೆ ಬರುತ್ತದೆ, ಅದರ ಮೇಲೆ ಹುಲ್ಲು ಏಳುತ್ತದೆ. ಸುತ್ತಲ ಕಾಡು ಒಣಗಿ ಎಲೆ ಉದುರಿ ನಿಂತಿರುವಾಗ ಇಲ್ಲಿ ಮಾತ್ರ ಹಸಿರು ಮತ್ತು ನೀರು ಎರಡೂ ಒಟ್ಟಿಗೆ ಸಿಗುತ್ತವೆ. ಮೂರು ರಾಜ್ಯಗಳ ಕಾಡುಗಳಿಂದ ಆನೆಗಳು ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ತಾಣಗಳು ಲೋಕದಲ್ಲಿ ಬಹಳ ಇಲ್ಲ. ಹಾಗೆ ನೋಡಿದರೆ ಪ್ರವಾಸಿಗರು ಬೆರಗಾಗಿ ನೋಡುವ ಹುಲ್ಲುಗಾವಲು ಇಂಜಿನಿಯರರ ಕೈಯಿಂದ ಹುಟ್ಟಿದ್ದು. ಅದರ ಹಿಗ್ಗು ಕುಗ್ಗು ಆಯಾ ವರ್ಷದ ಮಳೆಯನ್ನೂ ಅಣೆಕಟ್ಟಿನ ಬಾಗಿಲು ತೆರೆಯುವ ಲೆಕ್ಕವನ್ನೂ ಅವಲಂಬಿಸಿದೆ.

ಬಂಗಲೆ ವಸತಿಯಾದದ್ದು

ಬೇಟೆ ನಿಂತ ಮೇಲೆ ಕಾರಾಪುರದ ಬಂಗಲೆಗೆ ಕೆಲಸವಿಲ್ಲದಂತಾಗಿತ್ತು. ನೇಪಾಳದ ಚಿತ್ವನ್ ಕಾಡಿನಲ್ಲಿ ‘ಟೈಗರ್ ಟಾಪ್ಸ್’ ಎಂಬ ಸಂಸ್ಥೆ ವನ್ಯಜೀವಿ ಪ್ರವಾಸವನ್ನು ಆಗಲೇ ಯಶಸ್ವಿಯಾಗಿ ನಡೆಸುತ್ತಿತ್ತು. ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದ 1980ರಲ್ಲಿ ಆ ಸಂಸ್ಥೆಯ ಸಹಭಾಗಿತ್ವದಲ್ಲಿ ರಾಜ್ಯ ಸರ್ಕಾರ ‘ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್’ ಕಂಪನಿಯನ್ನು ಹುಟ್ಟುಹಾಕಿತು. ಮಹಾರಾಜರ ಬಂಗಲೆಯೂ ಅದರ ಆವರಣವೂ ಕಬಿನಿಯ ನದಿ ವಸತಿಯಾಯಿತು. 1987ರಲ್ಲಿ ಕಂಪನಿ ಪೂರ್ತಿಯಾಗಿ ಸರ್ಕಾರದ ಕೈಗೆ ಬಂತು.

ಈ ವಸತಿಯನ್ನು ರೂಪಿಸಿದವರಲ್ಲಿ ಕರ್ನಲ್ ಜಾನ್ ವೇಕ್‌ಫೀಲ್ಡ್ ಮುಖ್ಯರು. 1916ರಲ್ಲಿ ಬಿಹಾರದ ಗಯೆಯಲ್ಲಿ ಹುಟ್ಟಿ, ಹುಡುಗತನದಲ್ಲೇ ಬೇಟೆ ಕಲಿತು, ಸೈನ್ಯದಲ್ಲಿ ದುಡಿದ ಅವರು ಕೊನೆಗೆ ಬಂದೂಕು ಬಿಟ್ಟು ಕಬಿನಿಗೆ ಬಂದರು. 2010ರಲ್ಲಿ ತೀರಿಕೊಳ್ಳುವವರೆಗೂ ಈ ದಂಡೆಯೇ ಅವರ ಮನೆ. ಬೇಟೆಗಾರನೇ ಕಾಡು ತೋರಿಸುವ ಆತಿಥೇಯನಾದ ಅವರ ಬದುಕು ಆ ಕಾಲದ ಬದಲಾವಣೆಗೆ ಒಂದು ಸಣ್ಣ ಕನ್ನಡಿ.

ಕಬಿನಿಯ ಮಾದರಿ ಹೊಸದೊಂದು ಅಭ್ಯಾಸವನ್ನು ತಂದಿತು. ಬೆಳಗ್ಗೆ ಮತ್ತು ಸಂಜೆ ಜೀಪಿನಲ್ಲಿ ಕಾಡಿನ ಸುತ್ತಾಟ, ಹಿನ್ನೀರಿನಲ್ಲಿ ದೋಣಿ, ದಂಡೆಯ ಹತ್ತಿರ ಹರಿಗೋಲು, ರಾತ್ರಿ ಬೆಂಕಿಯ ಸುತ್ತ ಮಾತು. ಜೊತೆಗೊಬ್ಬ ಪ್ರಕೃತಿತಜ್ಞ ಹಕ್ಕಿಯ ಹೆಸರು ಹೇಳುತ್ತಾನೆ, ಹೆಜ್ಜೆ ಗುರುತು ಓದಿಸುತ್ತಾನೆ. ಹಿಂದೆ ಯುವರಾಜರಿಗೆ ಮೀಸಲಾಗಿದ್ದ ಅನುಭವ ಬೆಂಗಳೂರು, ಮೈಸೂರುಗಳ ಮಧ್ಯಮ ವರ್ಗದ ಕುಟುಂಬಗಳಿಗೂ ಸಿಗತೊಡಗಿತು. ಇದೇನೂ ಸಣ್ಣ ಬದಲಾವಣೆಯಲ್ಲ. ಕಾಡೆಂದರೆ ಸೌದೆ ಅಥವಾ ಬೇಟೆ ಎಂದು ತಿಳಿದಿದ್ದವರ ಮಕ್ಕಳು ಕಾಡಿನ ಪರವಾಗಿ ಮಾತನಾಡಲು ಕಲಿತದ್ದರಲ್ಲಿ ಇಂಥ ಶಿಬಿರಗಳ ಪಾಲೂ ಇದೆ.

ದಂಡೆಯ ವಿಹಾರ ಪೇಟೆಯವರಿಗಷ್ಟೇ ಸೇರಿದ್ದೂ ಅಲ್ಲ. ಹಿನ್ನೀರಿನ ಬದಿಯ ಭೀಮನಕೊಲ್ಲಿಯಲ್ಲಿ ಮಹದೇಶ್ವರನ ಗುಡಿಯಿದೆ. ಸುತ್ತಲ ಹಳ್ಳಿಯವರು ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ಗುಡಿಯ ಬಯಲಲ್ಲಿ ಬಿಡಾರ ಹೂಡಿ, ಮೂರು ಕಲ್ಲಿಟ್ಟು ಒಲೆ ಹೊತ್ತಿಸಿ, ಉಂಡು, ಮಲಗಿ ಎದ್ದು ಹೋಗುವುದು ನಮ್ಮ ಜಾತ್ರೆಗಳ ಹಳೆಯ ಪದ್ಧತಿ. ‘ಕ್ಯಾಂಪಿಂಗ್’ ಎಂಬ ಮಾತು ಬರುವ ಎಷ್ಟೋ ಮೊದಲೇ ಈ ನಾಡಿನ ಜನ ಬಯಲಲ್ಲಿ ರಾತ್ರಿ ಕಳೆಯುವ ಸುಖವನ್ನು ಬಲ್ಲವರಾಗಿದ್ದರು.

ಹಾಡಿಯವರ ಪಾಲು

ಈ ಎಲ್ಲ ಬಿಡಾರಗಳಿಗಿಂತ ಹಳೆಯವು ಕಾಡಿನೊಳಗಿನ ಹಾಡಿಗಳು. ಜೇನುಕುರುಬರು, ಬೆಟ್ಟಕುರುಬರು ಈ ಸೀಮೆಯ ಮೂಲ ನಿವಾಸಿಗಳು. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಕಾಕನಕೋಟೆ’ ನಾಟಕ ಇಲ್ಲಿನ ಕಾಡುಕುರುಬರ ಬದುಕನ್ನು ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದ ಕೃತಿ. ಸಿ.ಆರ್. ಸಿಂಹ ಅದನ್ನು 1977ರಲ್ಲಿ ತೆರೆಗೆ ತಂದರು. ಆ ವೇಳೆಗೆ ನಿಜವಾದ ಕಾಕನಕೋಟೆಯ ಒಂದು ಭಾಗ ನೀರಿನಲ್ಲಿತ್ತು, ಉಳಿದ ಭಾಗ ಅಭಯಾರಣ್ಯವಾಗುವ ಹಾದಿಯಲ್ಲಿತ್ತು.

ಖೆಡ್ಡಾ ಕಾಲದಲ್ಲಿ ಜಾಡು ತೋರಿದವರು ಕುರುಬರು. ಖೆಡ್ಡಾ ನಿಂತ ಮೇಲೆ ಆನೆ ಶಿಬಿರಗಳಲ್ಲಿ ಮಾವುತರಾಗಿ, ಕಾವಾಡಿಗಳಾಗಿ ದುಡಿದವರಲ್ಲೂ ಅವರಿದ್ದಾರೆ. ಕಳ್ಳಬೇಟೆ ತಡೆಯುವ ಕಾವಲು ಪಡೆಗಳಲ್ಲೂ ಇದ್ದಾರೆ. ಆದರೆ ಕಾಡಿಗೆ ಕಾನೂನಿನ ರಕ್ಷಣೆ ಬಿಗಿಯಾದಂತೆಲ್ಲ ಅವರ ಹಾಡಿಗಳು ಒಂದೊಂದಾಗಿ ಹೊರಬಿದ್ದವು. 1970ರ ದಶಕದಿಂದ ಆರಂಭವಾದ ಈ ಸ್ಥಳಾಂತರದಲ್ಲಿ ಹಲವರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಹೋಗಿ ಕೂಲಿಗಳಾದರು. ಇನ್ನು ಹಲವರು ಮುಂದೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದರು. ಕೆಲವರಿಗೆ ಭೂಮಿ, ಮನೆ, ಶಾಲೆ ದೊರೆತವು. ಜೇನು, ಗೆಡ್ಡೆಗೆಣಸು, ದೇವರ ಬನ ಹಿಂದೆ ಉಳಿದವು.

ಇದೇ ಹೊತ್ತಿಗೆ ಒಂದು ವಿಚಿತ್ರ ವೈರುಧ್ಯ ಎಲ್ಲರ ಕಣ್ಣಿಗೆ ಬಿತ್ತು. ನಾಗರಹೊಳೆ ಕಾಡಿನ ಒಳಗೇ, ಮೂರ್ಕಲ್ಲಿನಲ್ಲಿ, ಹೋಟೆಲ್ ಸಂಸ್ಥೆಯೊಂದರ ಐಷಾರಾಮಿ ವಸತಿಗೆ ಜಾಗ ಕೊಡಲಾಗಿತ್ತು. ನಮ್ಮ ಗುಡಿಸಲಿನಿಂದ ಕಾಡಿಗೆ ಹಾನಿಯಾದರೆ ಹೋಟೆಲಿನಿಂದ ಆಗುವುದಿಲ್ಲವೆ ಎಂದು ಆದಿವಾಸಿಗಳು ಕೇಳಿದರು. ಚಳವಳಿ ನಡೆಯಿತು, ಮೊಕದ್ದಮೆ ಹೂಡಲಾಯಿತು. ಅರಣ್ಯ ಸಂರಕ್ಷಣಾ ಕಾಯ್ದೆಯ ಆಧಾರದ ಮೇಲೆ ಕರ್ನಾಟಕ ಹೈಕೋರ್ಟ್ 1997ರಲ್ಲಿ ಆ ವಸತಿಯ ವಿರುದ್ಧ ತೀರ್ಪು ನೀಡಿತು. ವನವಿಹಾರಕ್ಕೂ ಒಂದು ಮಿತಿ ಇದೆ ಎಂದು ನ್ಯಾಯಾಲಯ ಹೇಳಿದ ಮುಖ್ಯ ಪ್ರಕರಣಗಳಲ್ಲಿ ಇದು ಒಂದು.

ಮಿತಿ ಎಲ್ಲಿ?

ಮಿತಿಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ದೇಶದ ಹುಲಿ ಮೀಸಲು ಪ್ರದೇಶಗಳ ಒಳಭಾಗದಲ್ಲಿ ಪ್ರವಾಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಗಳೊಡನೆ ಅನುಮತಿ ಮರಳಿತು. ಒಳಭಾಗದ ಶೇ. 20ಕ್ಕಿಂತ ಹೆಚ್ಚು ಪ್ರದೇಶವನ್ನು ಪ್ರವಾಸಕ್ಕೆ ಬಳಸಬಾರದು, ಅಲ್ಲಿ ಹೊಸ ಪ್ರವಾಸಿ ಕಟ್ಟಡಗಳು ಬರಬಾರದು ಎಂಬುದು ಅವುಗಳ ಸಾರ.

ಕಾಡಿನೊಳಗೆ ಕಟ್ಟುವಂತಿಲ್ಲ ಎಂದಾಗ ಕಟ್ಟಡಗಳು ಕಾಡಿನ ಅಂಚಿಗೆ ಬಂದವು. ಹಿನ್ನೀರಿನ ದಂಡೆಯ ಹೊಲಗಳು ಕೈಬದಲಾಗಿ ಅಲ್ಲಿ ರೆಸಾರ್ಟುಗಳು ಎದ್ದವು. ಅವುಗಳಿಂದ ಸ್ಥಳೀಯ ಯುವಕರಿಗೆ ಚಾಲಕನ, ದೋಣಿಕಾರನ, ಅಡಿಗೆಯವನ ಕೆಲಸ ಸಿಕ್ಕಿತು. ಒಣಭೂಮಿಯ ಈ ತಾಲ್ಲೂಕಿನಲ್ಲಿ ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೇಲಿ, ಬೆಳಕು, ಸದ್ದು, ಕಸ ಇವೂ ಹೆಚ್ಚಿದವು. ನೀರಿಗೆ ಇಳಿಯುವ ಆನೆಗೆ ಬೇಲಿ ಅಡ್ಡವಾದರೆ ಅದು ಪಕ್ಕದ ರೈತನ ರಾಗಿ ಹೊಲದ ದಾರಿ ಹಿಡಿಯುತ್ತದೆ. ರೆಸಾರ್ಟಿನ ಅತಿಥಿ ಅಂದು ಆನೆ ಕಾಣಲಿಲ್ಲವೆಂದು ಬೇಸರಪಟ್ಟುಕೊಳ್ಳುವ ಹೊತ್ತಿನಲ್ಲೇ, ಎರಡು ಮೈಲಿ ಆಚೆಯ ರೈತ ಆನೆ ಬಾರದಿರಲಿ ಎಂದು ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕುಳಿತಿರುತ್ತಾನೆ. ಇಬ್ಬರೂ ಕಾಯುವುದು ಒಂದೇ ಆನೆಯನ್ನು.

2025 ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಮುಂದೆ ತಂದ ವರ್ಷ. ಆ ಮೇ ತಿಂಗಳಲ್ಲಿ ಕಬಿನಿಯಿಂದ ದೂರದ ಕೊಡಗಿನ ಮಗ್ಗುಲಲ್ಲಿ, ಐವತ್ತರಷ್ಟು ಜೇನುಕುರುಬ ಕುಟುಂಬಗಳು ತಾವು ಹಿಂದೆ ಬಿಟ್ಟುಹೋಗಬೇಕಾಗಿ ಬಂದಿದ್ದ ನಾಗರಹೊಳೆಯ ನೆಲಕ್ಕೆ ಮರಳಿ ಶೆಡ್ಡುಗಳನ್ನು ಹಾಕಿಕೊಂಡವು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಆ ನೆಲ ತಮ್ಮದು ಎಂಬುದು ಅವರ ವಾದ. ಸಂರಕ್ಷಿತ ಕಾಡಿನೊಳಗೆ ಹೊಸದಾಗಿ ನೆಲೆಸುವಂತಿಲ್ಲ ಎಂಬುದು ಅರಣ್ಯ ಇಲಾಖೆಯ ನಿಲುವು. ಅದೇ ವರ್ಷದ ಅಕ್ಟೋಬರ್ ಮತ್ತು ನವೆಂಬರಿನಲ್ಲಿ, ಕಬಿನಿಗೆ ಹತ್ತಿರದ ಸರಗೂರು ತಾಲ್ಲೂಕಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಹಳ್ಳಿಗರು ರೊಚ್ಚಿಗೆದ್ದರು. ನವೆಂಬರಿನಲ್ಲಿ ನಾಗರಹೊಳೆ ಮತ್ತು ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚಲು ಸರ್ಕಾರ ಆದೇಶಿಸಿತು.

ಹುಲಿ ಹೊರಬರಲು ಸಫಾರಿಯೇ ಕಾರಣವೆಂದು ಹೇಳುವುದು ಸುಲಭ, ಸಾಧಿಸುವುದು ಕಷ್ಟ. ಹುಲಿಗಳ ಸಂಖ್ಯೆ ಹೆಚ್ಚಿರುವುದು, ವಯಸ್ಸಾದ ಹುಲಿಗಳು ನೆಲೆ ಕಳೆದುಕೊಳ್ಳುವುದು, ಕಾಡಂಚಿನಲ್ಲಿ ದನಗಳು ಮೇಯುವುದು, ಹೀಗೆ ಕಾರಣಗಳು ಹಲವು. ಆದರೂ ಹಳ್ಳಿಗರ ಸಿಟ್ಟು ಸಫಾರಿಯ ಕಡೆಗೆ ತಿರುಗಿದ್ದರಲ್ಲಿ ಅರ್ಥವಿದೆ. ಕಾಡು ಉಳಿದದ್ದರ ಸೊಗಸು ಒಬ್ಬರಿಗೆ, ಅದರ ಬೆಲೆ ಇನ್ನೊಬ್ಬರಿಗೆ ಎಂಬ ಭಾವನೆ ಅಲ್ಲಿ ಬಹುಕಾಲದಿಂದ ಬೇರೂರಿದೆ.

ಕಬಿನಿಯಲ್ಲಿ ಆನೆ ನೋಡಲು ಹೋಗುವುದು ತಪ್ಪೆಂದು ಈ ಇತಿಹಾಸ ಹೇಳುವುದಿಲ್ಲ. ಸೆರೆಹಿಡಿಯುವುದಕ್ಕಿಂತ ನೋಡುವುದು ಮೇಲು. ಕೆಲವೇ ಮಂದಿ ನೋಡುವುದಕ್ಕಿಂತ ಹಲವರು ನೋಡುವುದೂ ಮೇಲು. ಆದರೆ ಬಿಡಾರವೆಂದರೆ ಕೆಲವು ದಿನದ ವಾಸ, ಬಿಟ್ಟುಹೋಗುವಾಗ ಗುರುತು ಉಳಿಸದ ವಾಸ ಎಂಬ ಅರ್ಥ ನಮ್ಮ ಮಾತಿನಲ್ಲೇ ಇದೆ. ಖೆಡ್ಡಾದ ಡೇರೆಗಳು ಎತ್ತಿಹೋದವು, ಆ ನೆಲವೂ ಮುಳುಗಿತು. ಇಂದಿನ ಬಿಡಾರಗಳು ಕಾಂಕ್ರೀಟಿನವು, ಎದ್ದುಹೋಗುವಂಥವಲ್ಲ. ಜಲಾಶಯದ ಮಟ್ಟ ಕುಸಿದ ಬರದ ವರ್ಷಗಳಲ್ಲಿ ಕೆಸರಿನಿಂದ ಹಳೆಯ ಮರದ ಬೊಡ್ಡೆಗಳು ತಲೆ ಎತ್ತುತ್ತವೆ. ಪ್ರವಾಸಿಗರು ಅವುಗಳ ಮೇಲೆ ಕುಳಿತ ಹಕ್ಕಿಗಳ ಚಿತ್ರ ತೆಗೆಯುತ್ತಾರೆ. ಮುಳುಗಿದ ಕಣಿವೆಯಲ್ಲಿ ಒಮ್ಮೆ ಬಾಳಿದ್ದ ಹಿರಿಯರಿದ್ದರೆ, ಅದೇ ಬೊಡ್ಡೆಗಳ ಗುರುತು ಹಿಡಿದು ತಮ್ಮ ಊರಿನ ದಾರಿ ಎಲ್ಲಿತ್ತೆಂದು ತೋರಿಸಬಲ್ಲರು.